ಕೌದಿಯ ಹೊಟ್ಟೆಯಲ್ಲಿಟ್ಟ ಅಕ್ಕಿ

ಆಗ ನನಗೆ ಅರವತ್ತೆರಡು. ಆರು ವರ್ಷದ ಹಿಂದಿನ ಮಾತು. ನಾನು ಮೂರನೇ ಇಯತ್ತೆಯಷ್ಟೇ ಓದಿದವಳು, ಆದರೂ ದೆವ್ವ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಇದನ್ನು ಓದಿ ನೀವೂ ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ನಾವು ಯಲ್ಲಾಪುರದ ಕಡೆಯ ಸಿದ್ದಿಗಳು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದರು. ಅವರು ತಪ್ಪಿಸಿಕೊಂಡು ಕಾಡು ಸೇರಿ ಗದ್ದೆ ಮಾಡಿದರು. ಅದೇ ಗದ್ದೆಯಲ್ಲಿ ನಮ್ಮವ್ವ ಜನ್ಮವಿಡೀ ಬೇರೆಯವರ ಆಳಾಗಿ ದುಡಿದಳು. ಗದ್ದೆ ನಮ್ಮದೆನ್ನುವ ಪಟ್ಟಾ ಕೈಗೆ ಬಂದದ್ದು ಅವಳು ಸಾಯುವ ವರ್ಷ. ಆಮೇಲೆ ಅದು ನನಗೂ ತಮ್ಮನಿಗೂ ಸೇರಿತು. ತಮ್ಮ ರೆಸಾರ್ಟಿನವರಿಗೆ ಕೊಡಲು ಹೊರಟ. ನನ್ನ ಸಹಿ ಬೇಕಿತ್ತು. ನಾನೋ ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಮಗಳ ಕೂಸು ನೋಡಿಕೊಳ್ಳುತ್ತಿದ್ದೆ. ಕಾಗದ ಅಲ್ಲಿಗೇ ಬಂತು.

"ಆ ಗದ್ದ್ಯಾಗ ಏನೈತಿ ಅವ್ವಾ? ಹಂದಿ ತಿಂದು ಬಿಟ್ಟದ್ದು ನಮಗ. ನಾಳೆ ಮುಂಜಾನೆ ಸಹಿ ಹಾಕು, ಖಲಾಸ್," ಎಂದಳು ಮಗಳು. ಸುಳ್ಳೇಕೆ, ನಾನೂ ಹೂಂ ಎಂದಿದ್ದೆ.

ಅಂದು ಅವಳು ನನಗೆ ಹೇಳದೆ ನನ್ನ ಕೌದಿಯನ್ನು ಮಷಿನ್ನಿಗೆ ಹಾಕಿದ್ದಳು. ಅವ್ವ ಸತ್ತ ಮೇಲೆ ಅವಳ ಸೀರೆಗಳಲ್ಲಿ ಹೊಲಿದ ಕೌದಿ. ಹೊಲಿಗೆ ಮುಗಿಸುವ ಮುಂಚೆ ನಮ್ಮ ಮನೆಯಲ್ಲಿ ಅದರ ನಡುವೆ ಒಂದು ಹಿಡಿ ಅಕ್ಕಿ ಇಡುತ್ತೇವೆ, ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು. ನಾನು ಇಟ್ಟದ್ದು ಆ ಗದ್ದೆಯದೇ ಕುಚ್ಚಲಕ್ಕಿ.

ಜೂನ್ ಬಿಸಿಲಿಗೆ ಬಾಲ್ಕನಿಯ ಬಟ್ಟೆ ಚಹಾ ಕುಡಿಯುವಷ್ಟರಲ್ಲಿ ಒಣಗುತ್ತದೆ. ಸಂಜೆ ನೋಡಿದರೆ ಕೌದಿಯ ನಡು ಇನ್ನೂ ಒದ್ದೆ. ಹೊಲಿಗೆಯ ಸಂದಿಯಲ್ಲಿ ಬೆರಳುದ್ದ ಹಸಿರು ಸಸಿ.

ಪಕ್ಕದ ಮನೆಯ ಮಂಗಳೂರಿನ ಕ್ರಿಸ್ತರ ಹೆಂಗಸನ್ನು ಕರೆದೆ. ಮೊದಲ ಸಲ ಸಿಕ್ಕ ದಿನ ಅವಳು, "ನೀವು ಕನ್ನಡ ಮಾತಾಡ್ತೀರಾ ಮಾರಾಯ್ರೆ! ನಾನು ಆಫ್ರಿಕಾದವರು ಅಂತ ಗ್ರೇಶಿದ್ದೆ," ಎಂದಿದ್ದಳು. "ನಿಮ್ಮ ತಾಟಿನ ಅನ್ನ ಬೆಳೆದವರ ಮಕ ಎಂದೂ ನೋಡಿಲ್ಲೇನ?" ಎಂದಿದ್ದೆ ನಾನು. ಈಗ ಅವಳೇ ಬಗ್ಗಿ ನೋಡಿ, ಒಳಗಿನದು ಕುಚ್ಚಲಕ್ಕಿ ಎಂದು ನಾನು ಹೇಳಿದಾಗ, "ಬೇಯಿಸಿದ ಅಕ್ಕಿ ಹುಟ್ಟುದು ಹೇಗೆ?" ಎಂದು ಶಿಲುಬೆ ಗುರುತು ಮಾಡಿಕೊಂಡು ಹೋದಳು.

ಮಷಿನ್ನಿನಲ್ಲಿ ಹೆಸರುಕಾಳು ಬಿದ್ದಿರಬೇಕು ಎಂದಳು ಮಗಳು. ಭತ್ತದ ಸಸಿ ಗುರುತು ಸಿಗದ ಕಣ್ಣೇ ನನ್ನದು?

ಹೇಗಾಯಿತೋ ಇವತ್ತಿಗೂ ಗೊತ್ತಿಲ್ಲ. ಅವ್ವ ಬಂದಿದ್ದಳು ಎಂದು ನಾನು ಹೇಳುವುದಿಲ್ಲ. ಬದುಕಿದ್ದಾಗಲೇ ಅವಳ ಮಾತು ಯಾರೂ ಕೇಳಲಿಲ್ಲ.

ಮರುದಿನ ಮುಂಜಾನೆ ಸಸಿ ಬಾಡಿತ್ತು. ಹೊಲಿಗೆ ಬಿಚ್ಚಿ, ತಮ್ಮನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟು ಮತ್ತೆ ಹೊಲಿದೆ. ಮಗಳು ಮನೆಯೆಲ್ಲ ಕಾಗದ ಹುಡುಕುವಾಗ ನಾನು ಕೌದಿಯ ಮೇಲೆ ಕೂತು ಕೂಸಿಗೆ ಗಂಜಿ ಉಣಿಸುತ್ತಿದ್ದೆ.