ಅರ್ವೊ ಕಂಗಾಸನ ಏಳು ಫ್ಯಾನುಗಳು

ಅರ್ವೊ ಕಂಗಾಸ್ ಒಂದು ಕಂಪ್ಯೂಟರ್ ಕೊಳ್ಳಲು ಎಂಟು ತಿಂಗಳು ತೆಗೆದುಕೊಂಡ. ಮದುವೆಯಾಗಲು ತೆಗೆದುಕೊಂಡಿದ್ದು ಮೂರೇ ವಾರ. ಹೀಗೆ ಹೇಳಿ ಅವನನ್ನು ಕಾಡಿಸುವ ಹಕ್ಕು ನನಗಿದೆ, ಏಕೆಂದರೆ ಆ ಎಂಟು ತಿಂಗಳೂ ಅವನ ಪಟ್ಟಿಯನ್ನು ದಿನಾ ಕೇಳಿಸಿಕೊಂಡವಳು ನಾನು. ಕೆನಡಾದ ಥಂಡರ್ ಬೇ ಊರಿನ ಐಸ್ ಹಾಕಿ ಅಂಗಳದಲ್ಲಿ ನಾನು ಕ್ಯಾಂಟೀನ್ ನಡೆಸುತ್ತೇನೆ. ಆಟದ ನಡುವೆ ಮಂಜುಗಡ್ಡೆ ನುಣುಪು ಮಾಡುವ ಗಾಡಿ ಓಡಿಸುವವನು ಅರ್ವೊ. ಐವತ್ನಾಲ್ಕು ವರ್ಷ, ಈಗ ಒಂಟಿ, ಬಾಗಿಲು ತುಂಬುವ ಆಳು, ಮಾತು ಮಾತ್ರ ತೀರ ಕಡಿಮೆ.

ವಿನ್ನಿಪೆಗ್‌ನಲ್ಲಿ ಅವನಿಗೊಬ್ಬಳು ಅಕ್ಕ, ಲೆಂಪಿ. ಕಂಗಾಸ್ ಮನೆಯವರಿಗೆ ಫೋನಿನಲ್ಲಿ ಮಾತು ಬರುವುದಿಲ್ಲ. "ಅಲ್ಲಿ ಚಳಿ ಎಷ್ಟು?" "ಮೈನಸ್ ಇಪ್ಪತ್ತೆಂಟು." "ಇಲ್ಲಿ ಮೂವತ್ತು." ಅಲ್ಲಿಗೆ ಫೋನು ಮುಗಿಯಿತು. ಇಬ್ಬರೂ ಅಕ್ಕಪಕ್ಕ ಕೂತು, ನೀರು ನೋಡುತ್ತಾ, ಗಾಳ ಬಿಟ್ಟುಕೊಂಡಿದ್ದರೆ ಮಾತ್ರ ಬಾಯಿ ಬಿಡುತ್ತಾರೆ. ಅದಕ್ಕೆಂದೇ ಕಂಪ್ಯೂಟರಿನಲ್ಲಿ ಒಂದು ಆಟ ಹುಡುಕಿಕೊಂಡಿದ್ದರು. ಅದರಲ್ಲಿ ಒಂದು ಕೆರೆ, ದಡದಲ್ಲಿ ಅವರೇ ಕಟ್ಟಿದ ಮರದ ಮನೆ, ಮುಂದೆ ಒಂದು ಬೆಂಚು. ನಿಜವಾದ ಸರೋವರ ಅರ್ವೊನ ಮನೆಯಿಂದ ಹತ್ತು ನಿಮಿಷದ ದಾರಿ. ಆದರೂ ಹನ್ನೊಂದು ವರ್ಷದಿಂದ ಇವನು ಸಂಜೆ ಪರದೆಯ ಮುಂದೆ ಕೂತು ಆ ಬೆಂಚಿಗೆ ಹೋಗುತ್ತಿದ್ದ, ಅವಳು ಅಲ್ಲಿಂದ ಬರುತ್ತಿದ್ದಳು. ತಾಯಿ ತೀರಿಕೊಂಡಾಗ ಇಬ್ಬರೂ ಅತ್ತಿದ್ದೂ ಅದೇ ಬೆಂಚಿನಲ್ಲಂತೆ.

ಜುಲೈನಲ್ಲಿ ಅರ್ವೊನ ಹಳೆಯ ಕಂಪ್ಯೂಟರ್ ಸುಟ್ಟ ವಾಸನೆ ಬಿಟ್ಟು ಸತ್ತಿತು.

"ಯಾವ್ದಾದ್ರೂ ಹಳೇದು ತಗೊಳೋ," ಎಂದಳು ಲೆಂಪಿ. "ನನ್ನ ಡಬ್ಬ ಲ್ಯಾಪ್‌ಟಾಪಿನಲ್ಲೇ ಓಡತ್ತೆ."

ಕೇಳಿದ್ದರೆ ಆಗಿತ್ತು. ಆದರೆ ಅವನು ಇಂಟರ್‌ನೆಟ್ಟಿನಲ್ಲಿ, ಬಿಡಿಭಾಗ ಕೊಂಡು ತಾವೇ ಕಂಪ್ಯೂಟರ್ ಕಟ್ಟುವವರ ಜಗಲಿಯೊಂದಕ್ಕೆ ಹೋಗಿ, ಎಂಟುನೂರು ಡಾಲರಿನೊಳಗೆ ಒಂದು ಪಟ್ಟಿ ಬರೆದು, ಸರಿಯಿದೆಯೇ ಎಂದು ಕೇಳಿದ. ಅಲ್ಲಿ ಟೋಸ್ಟರ್ ಎಂಬ ಹೆಸರಿಟ್ಟುಕೊಂಡ ಒಬ್ಬ ಮಹಾಶಯನಿದ್ದ.

"ಇನ್ನಿಪ್ಪತ್ತು ಡಾಲರ್ ಹಾಕಿದ್ರೆ ಇದಕ್ಕಿಂತ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬರತ್ತೆ," ಎಂದು ಟೋಸ್ಟರ್ ಬರೆದ.

ಇಪ್ಪತ್ತು ಡಾಲರ್ ದೊಡ್ಡದೇನಲ್ಲ. ಆದರೆ ಪರದೆಗೆ ಚಿತ್ರ ಬಿಡಿಸುವ ಆ ಕಾರ್ಡಿಗೆ, ಕರೆಂಟು ಕೊಡುವ ಪವರ್ ಸಪ್ಲೈ ಸಾಲದಾಯಿತು. ದೊಡ್ಡ ಪವರ್ ಸಪ್ಲೈ ಕ್ಯಾಬಿನೆಟ್ಟಿನಲ್ಲಿ ಹಿಡಿಸದಾಯಿತು. ದೊಡ್ಡ ಕ್ಯಾಬಿನೆಟ್ಟಿಗೆ ಒಂದು ಕಡೆ ಗಾಜಿನ ಗೋಡೆ. ಗಾಜಿದ್ದ ಮೇಲೆ ಒಳಗೆ ಬಣ್ಣದ ದೀಪ ಬೇಡವೇ? ದೀಪ ಹಾಕಿದ ಮೇಲೆ ದುಡ್ಡು ಮೀರಿತು. ಮೀರಿದ್ದನ್ನು ಇಳಿಸಲು ಮತ್ತೆ ಚಿಕ್ಕ ಕಾರ್ಡಿಗೆ ಬಂದ. ಆಗ ಟೋಸ್ಟರ್ ಬರೆದ: "ಇನ್ನಿಪ್ಪತ್ತು ಡಾಲರ್ ಹಾಕಿದ್ರೆ..."

ಹೀಗೆ ಆರು ಸುತ್ತು ಆಯಿತು. ನನ್ನ ಕಾಫಿ ಲೋಟದ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಅರ್ವೊ ಎಲ್ಲ ಭಾಗಗಳನ್ನೂ ಅಳತೆಗೆ ಸರಿಯಾಗಿ ಮಾಡಿಕೊಂಡ. ರಟ್ಟಿನ ಮದರ್‌ಬೋರ್ಡ್, ರಟ್ಟಿನ ಕಾರ್ಡು, ಬಣ್ಣ ಬಳಿದ ರಟ್ಟಿನ ಏಳು ಫ್ಯಾನು. ಅವನ್ನು ಕ್ಯಾಂಟೀನಿನ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದ. ಒಂದು ದಿನ ಒಬ್ಬ ಗೋಲ್‌ಕೀಪರ್ ಅದರ ಮೇಲೆ ಸೂಪು ಚೆಲ್ಲಿದ. ಅರ್ವೊ ಕೂಗಿದ ಕೂಗಿಗೆ ರೆಫರಿ ಆಟ ನಿಲ್ಲಿಸಿದರು.

"ಏಳು ಫ್ಯಾನು ಯಾಕೋ ನಿಂಗೆ?" ಎಂದು ನಾನು ಕೇಳಿದೆ.

"ಬಿಸಿ ಆಗತ್ತೆ ವೆರ್ನಾ."

"ನಿನ್ನ ಮನೇಲಿ ನಾನು ಕೋಟು ತೆಗೆದು ಕೂತಿದ್ದು ಯಾವತ್ತಾದ್ರೂ ನೋಡಿದೀಯಾ?"

"ಟೋಸ್ಟರ್ ಏಳು ಅಂದಿದಾನೆ."

ಅವನ ಪಟ್ಟಿಯಲ್ಲಿ ಆರಂಭದಿಂದ ಕದಲದೆ ಉಳಿದಿದ್ದು ಒಂದೇ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್. ಕಾರ್ಡಿಲ್ಲದಿದ್ದರೂ ಅದು ತಾನೇ ಅಷ್ಟಿಷ್ಟು ಚಿತ್ರ ಮೂಡಿಸಬಲ್ಲುದು ಎಂದು ಅಂಗಡಿಯವನು ಹೇಳಿದ್ದ. ಇವನು ಅದನ್ನು ಜಗಲಿಯಲ್ಲಿ ಬರೆದಾಗ ಎಲ್ಲರೂ ನಕ್ಕರು. "ಅಷ್ಟು ಚಿತ್ರ ಬ್ಯಾಂಕಿನವರು ಕಾಗದ ನೋಡೋಕೆ ಸಾಕು, ಆಟಕ್ಕಲ್ಲ," ಎಂದ ಟೋಸ್ಟರ್. ಅರ್ವೊ ನಾಚಿಕೊಂಡು ಮತ್ತೆ ಆ ಮಾತು ಎತ್ತಲಿಲ್ಲ.

ನವೆಂಬರಿನಲ್ಲಿ ಸುದ್ದಿ ಬಂತು. ಆಟದ ಕಂಪನಿ ಮಾರ್ಚ್ ಹದಿನೈದು, ಶನಿವಾರ, ಮಧ್ಯಾಹ್ನ ಮೂರಕ್ಕೆ ಆಟವನ್ನು ಶಾಶ್ವತವಾಗಿ ಮುಚ್ಚುತ್ತದೆ. ಕೆರೆ, ಮನೆ, ಬೆಂಚು ಯಾವುದೂ ಇರುವುದಿಲ್ಲ. ಅರ್ವೊ ಹೆದರಿದ. ಹೆದರಿದವನು ಕೊಳ್ಳಬೇಕಿತ್ತಲ್ಲವೇ? ಕೊನೆಯ ಸಲ ಬೆಂಚಿನಲ್ಲಿ ಕೂರುವಾಗ ಚಿತ್ರ ಚೆನ್ನಾಗಿರಬೇಕು ಎಂದು ಏಳನೆಯ ಸುತ್ತು ಶುರು ಮಾಡಿದ! ನನಗೆ ಮೈಯೆಲ್ಲ ಉರಿಯಿತು. ಡಿಸೆಂಬರಿನ ಒಂದು ಪಂದ್ಯದಲ್ಲಿ ಪವರ್ ಸಪ್ಲೈ ಧ್ಯಾನದಲ್ಲಿ ಗಾಡಿಯನ್ನು ಅಂಗಳದ ನಡುವೆ ನಿಲ್ಲಿಸಿ, ಇಳಿದು ನನ್ನ ಹತ್ತಿರ ಪೆನ್ನು ಕೇಳಲು ಬಂದ. ಗಾಡಿ ಅಲ್ಲೇ ನಿಂತು ಬಿಸಿ ನೀರು ಸುರಿಸುತ್ತಿತ್ತು. ಅರ್ಧ ಗಂಟೆ ಆಟಗಾರರು ಆ ಹಳ್ಳವನ್ನು ಸುತ್ತುಹಾಕಿಕೊಂಡು ಆಡಿದರು.

ಮಾರ್ಚ್ ಎರಡನೆಯ ವಾರ ನಾನೇ ಅವನ ಮುಂದೆ ಫೋನು ಕುಕ್ಕಿದೆ. "ಆ ಟೋಸ್ಟರ್‌ನನ್ನೇ ಒಂದು ಮಾತು ಕೇಳು. ಅವನ ಮನೇಲಿ ಯಾವ ಕಂಪ್ಯೂಟರ್ ಇದೆ?"

ಅರ್ವೊ ಬರೆದ. ಟೋಸ್ಟರ್ ಉತ್ತರಿಸಿದ: "ನಾನಿನ್ನೂ ಆರಿಸ್ತಾ ಇದೀನಿ. ಆರು ವರ್ಷ ಆಯ್ತು. ಸದ್ಯಕ್ಕೆ ಲೈಬ್ರರಿಯ ಕಂಪ್ಯೂಟರ್‌ನಲ್ಲಿ ಬರೀತಾ ಇದೀನಿ."

ಅರ್ವೊ ಅದನ್ನು ಮೂರು ಸಲ ಓದಿದ. ಆಮೇಲೆ ಅಲ್ಲೇ ನಿಂತು, ಯಾರನ್ನೂ ಕೇಳದೆ, ಏಳು ಫ್ಯಾನಿನ ಸಮೇತ ಇಡೀ ಪಟ್ಟಿಯನ್ನು ಕೊಂಡುಬಿಟ್ಟ.

ಪೆಟ್ಟಿಗೆಗಳು ಶುಕ್ರವಾರ ಸಂಜೆ ಬಂದವು. ಶನಿವಾರ ಬೆಳಿಗ್ಗೆ ನಾನು ಗುಲಾಬಿ ಬಣ್ಣದ ಸಕ್ಕರೆ ಬಳಿದ ನಮ್ಮೂರ ಪರ್ಷಿಯನ್ ಬನ್ನು ಹಿಡಿದು ಅವನ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಅರ್ಧ ಎದ್ದಿತ್ತು. ರಟ್ಟಿನಲ್ಲಿ ನೂರು ಸಲ ಕಟ್ಟಿ ಬಿಚ್ಚಿದ್ದ ಕೈ, ಎಲ್ಲೂ ತಡವರಿಸಲಿಲ್ಲ. ಕಾರ್ಡನ್ನು ಕೂರಿಸುವಾಗ ಮಾತ್ರ ಉಸಿರು ಬಿಗಿಹಿಡಿದ. ಒಂದೂವರೆಗೆ ದೀಪಗಳು ಹತ್ತಿದವು, ಏಳೂ ಫ್ಯಾನು ತಿರುಗಿದವು. ಮೊದಲೇ ಕೊರೆಯುತ್ತಿದ್ದ ಅಡುಗೆಮನೆಯಲ್ಲಿ ಈಗ ಗಾಳಿಯೂ ಬೀಸತೊಡಗಿ ನಾನು ಟೋಪಿ ಎಳೆದುಕೊಂಡೆ. ಆಟ ಇಳಿಸಿಕೊಂಡು ಒಳಗೆ ಹೋಗುವಷ್ಟರಲ್ಲಿ ಎರಡೂಕಾಲು ಗಂಟೆ.

ಪರದೆಯ ಬೆಂಚಿನ ಮೇಲೆ ಕೆಂಪು ಕೋಟು ತೊಟ್ಟ ಲೆಂಪಿಯ ಬೊಂಬೆ ಕೂತಿತ್ತು. ಪಕ್ಕದಲ್ಲಿ ಇನ್ನೊಂದು ಗಾಳ.

"ಬಂದ್ಯಾ," ಎಂದಳು ಲೆಂಪಿ, ಕಂಪ್ಯೂಟರಿನಿಂದಲೇ ದನಿ ಬಂತು.

"ಬಂದೆ ಕಣಕ್ಕಾ."

ಮುಕ್ಕಾಲು ಗಂಟೆ ಇಬ್ಬರೂ ಮಾತಾಡಿದರು. ಅಮ್ಮನ ವಿಷಯ, ಲೆಂಪಿಯ ಮಂಡಿ ನೋವು, ಯಾವುದೋ ಸತ್ತ ನಾಯಿ. ನಾನು ಕೇಳಿಸಿಕೊಳ್ಳಬಾರದೆಂದು ಪಾತ್ರೆ ತೊಳೆಯಲು ಎದ್ದೆ. ಮೇಜಿನ ಹಿಂದೆ ಹಾದಾಗ ನೋಡಿದೆ. ಕಾರ್ಡಿನ ಬೆನ್ನಿನಲ್ಲಿ ವೈರು ಚುಚ್ಚುವ ಮೂರು ಬಾಯಿಗಳು, ಮೂರಕ್ಕೂ ಕಂಪನಿಯ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇದ್ದವು. ಪರದೆಯ ವೈರು ಮೇಲಿನ, ಪ್ರೊಸೆಸರಿಗೆ ಸೇರಿದ ಬೇರೆ ತೂತಿನಲ್ಲಿತ್ತು. ಎಂಟು ತಿಂಗಳು ಹುಡುಕಿದ ಕಾರ್ಡು ಕೆಲಸವಿಲ್ಲದೆ ಕೂತಿತ್ತು, ಬ್ಯಾಂಕಿನವರ ಪ್ರೊಸೆಸರ್ ಒಂದೇ ಆ ಕೆರೆಯನ್ನೆಲ್ಲ ತೋರಿಸುತ್ತಿತ್ತು. ನಾನು ತುಟಿ ಕಚ್ಚಿಕೊಂಡು ಪಾತ್ರೆ ತೊಳೆದೆ.

ಮೂರಕ್ಕೆ ಪರದೆ ಕಪ್ಪಾಯಿತು. ಒಂದು ನಿಮಿಷಕ್ಕೆ ಅವನ ಫೋನು ಬಡಿದುಕೊಂಡಿತು. ಲೆಂಪಿಯದೇ. ಅವನು ಸ್ಪೀಕರಿಗೆ ಹಾಕಿದ.

"ಚಿತ್ರ ಹೆಂಗಿತ್ತೋ?"

"ಅಯ್ಯೋ, ನೀರಿನ ಒಂದೊಂದು ಅಲೆನೂ ಬೇರೆಬೇರೆ ಕಾಣ್ತಿತ್ತು! ಈ ಕಾರ್ಡಿಲ್ದೆ ಆಗ್ತಿರ್ಲಿಲ್ಲ. ತಡಿ, ಫೋಟೊ ಕಳಿಸ್ತೀನಿ," ಎಂದು ಪೆಟ್ಟಿಗೆಯನ್ನು ತಿರುಗಿಸಿದ. ಕಾರ್ಡಿನ ಮೂರು ಮುಚ್ಚಳಗಳೂ ಅವನ ಕಣ್ಣಿಗೆ ಬಿದ್ದವು.

"ನಿಂಗೆ ಗೊತ್ತಿತ್ತಾ?" ಎಂದು ನನ್ನನ್ನು ಕೇಳಿದ.

"ಗೊತ್ತಿತ್ತು," ಎಂದೆ.

ಅವನು ಅಕ್ಕನಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಲೆಂಪಿ ನಕ್ಕ ನಗುವಿಗೆ ಫೋನು ಮೇಜಿನ ಮೇಲೆ ಜರುಗಿತು. ನಾನೂ ನಕ್ಕೆ, ಅರ್ವೊನೂ ನಕ್ಕ. ಆಮೇಲೆ ಅವಳು ನಗುವುದನ್ನು ನಿಲ್ಲಿಸಿದಳು.

"ಎಂಟು ತಿಂಗಳು ಕಣೋ ಪೆದ್ದ," ಎಂದಳು. "ದಿನಾ ಸಂಜೆ ನಿನ್ನ ಗಾಳ ಪಕ್ಕದಲ್ಲಿ ಇಟ್ಕೊಂಡು ಒಬ್ಳೇ ಕೂತಿರ್ತಿದ್ದೆ."

"ಅಲ್ಲಿ ಚಳಿ ಎಷ್ಟು?" ಎಂದ ಅರ್ವೊ.

"ಮೈನಸ್ ಹದಿನಾರು. ಕೆರೆ ಇನ್ನೂ ಗಟ್ಟಿ ಇದೆ."

"ಹಿಮಕ್ಕೆ ತೂತು ಕೊರೆಯೋ ಡ್ರಿಲ್ ಇದ್ಯಾ ನಿನ್ನತ್ರ?"

"ಇದೆ. ಗಾಳ ಮಾತ್ರ ತಗೊಂಡ್ ಬಾ. ಯಾವ ಗಾಳ ಅಂತ ಯಾರನ್ನೂ ಕೇಳ್ಬೇಡ."

ಅವನು ಬೂಟು ಹಾಕಿಕೊಂಡ. ಹೊರಗಿನ ಶೆಡ್ಡಿಗೆ ಹೋಗಿ ಅದರೊಳಗಿನ ಕತ್ತಲಲ್ಲಿ ಕೈಗೆ ಸಿಕ್ಕಿದ ಮೊದಲ ಗಾಳವನ್ನೇ ಎಳೆದು ಕಾರಿಗೆ ಎಸೆದ. ವಿನ್ನಿಪೆಗ್ಗಿಗೆ ಎಂಟು ಗಂಟೆಯ ದಾರಿ. ಬಟ್ಟೆಯಿಲ್ಲ, ಬನ್ನಿಲ್ಲ, ನನಗೊಂದು ಮಾತೂ ಇಲ್ಲ. ಹೊರಟೇಹೋದ.

ನಾನು ಕಂಪ್ಯೂಟರ್ ಆರಿಸಲು ಸ್ವಿಚ್ಚು ಹುಡುಕಿದೆ, ಸಿಗಲಿಲ್ಲ. ಏಳೂ ಫ್ಯಾನು ಹಾಗೇ ತಿರುಗುತ್ತಿದ್ದವು. ಮೇಜಿನ ಬಟ್ಟೆ ಎಳೆದು ಅದಕ್ಕೆ ಹೊದಿಸಿ, ಉಳಿದ ಬನ್ನು ತೆಗೆದುಕೊಂಡು ಮನೆಗೆ ಬಂದೆ.