ಏನಾದರೂ ಇದೆಯಾ, ವಿಲ್ಫ್?

‘ಇಲ್ಲದ ಹಕ್ಕಿ ನೋಡೋದು ಹೇಗೆ ಅಂತ ಕಲೀಬೇಕಾದ್ರೆ ಪೈಬಸ್ ಹತ್ರ ಹೋಗಿ’ ಎಂದು ನಮ್ಮ ಬೀದಿಯವರು ಆಡಿಕೊಳ್ಳುತ್ತಿದ್ದರು. ಆ ಮಾತು ಮೊದಲು ಹುಟ್ಟಿದ್ದು ಪಕ್ಕದ ಮನೆಯ ಎಡ್ನಾ ಸ್ಟಾಬರ್ಟ್ ಬಾಯಲ್ಲಿ. ಮೀನಂಗಡಿಯ ಸಾಲಿನಲ್ಲಿ ನಿಂತು ನಗೆಗೆಂದು ಒಂದೇ ಸಲ ಅಂದಿದ್ದಳು. ಮಾತಿಗೆ ಕಾಲು ಬಂದ ಮೇಲೆ ಹಿಡಿಯುವವರು ಯಾರು?

ವಿಲ್ಫ್ ಪೈಬಸ್ ನಮ್ಮ ಸ್ಕಾರ್‌ನೆಸ್‌ನ ರೈಲ್ವೆ ಗೇಟು ಕಾಯುತ್ತಿದ್ದವನು. ಒಂಟಿ ಜೀವ. ಇಪ್ಪತ್ತೆರಡು ವರ್ಷದ ಹಿಂದೆ, ಒಂದು ಜನವರಿಯಲ್ಲಿ, ಕಡಲಂಚಿನ ಪೈನ್ ತೋಪಿನಲ್ಲಿ ನಡೆಯುವಾಗ ಸೈಬೀರಿಯಾ ಕಡೆಯ ಹಕ್ಕಿಯೊಂದನ್ನು ಕಂಡೆ ಎಂದು ಜಿಲ್ಲೆಯ ಹಕ್ಕಿಗಳ ದಾಖಲೆ ಇಡುವ ಕಾಲ್ಡರ್‌ಗೆ ಫೋನ್ ಮಾಡಿದ. ಹಕ್ಕಿ ನೋಡುವ ಹುಚ್ಚಿನ ಇನ್ನೂರು ಜನ ಬಂದರು. ಎರಡು ದಿನ ಕೊರೆಯುವ ಗಾಳಿಯಲ್ಲಿ ದುರ್ಬೀನು ಹಿಡಿದು ನಿಂತರು. ಹಕ್ಕಿಯಿಲ್ಲ. ಕಾಲ್ಡರ್, ವಿಲ್ಫ್ ಬರೆದುಕೊಟ್ಟಿದ್ದ ವಿವರವನ್ನು ಹಿಂದಕ್ಕೆ ಕಳಿಸಿದ: ‘ನೋಡಿದವರು ಒಬ್ಬರೇ. ಒಪ್ಪಲಾಗದು.’

ಆ ಜನ ಕಳ್ಳನನ್ನಾದರೂ ಕ್ಷಮಿಸಿಯಾರು, ಇಲ್ಲದ್ದನ್ನು ಕಂಡೆ ಎಂದವನನ್ನು ಕ್ಷಮಿಸರು. ತೋಪಿನ ತುದಿಯಲ್ಲಿ ಅವರೆಲ್ಲ ಮರೆಯಲ್ಲಿ ಕೂತು ಹಕ್ಕಿ ನೋಡುವ ಮರದ ಗೂಡೊಂದಿತ್ತು. ವಿಲ್ಫ್ ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು.

‘ಏನಾದ್ರೂ ಇದೆಯಾ, ವಿಲ್ಫ್?’ ಎಂದು ಕಾಲ್ಡರ್ ಕೇಳುತ್ತಿದ್ದ. ಎದುರು ಸಿಕ್ಕವರನ್ನೆಲ್ಲ ಅವರು ಕೇಳುವುದೇ ಹಾಗೆ. ವಿಲ್ಫ್‌ನನ್ನು ಕೇಳುವಾಗ ಮಾತ್ರ ಉಳಿದವರು ಬೂಟು ನೋಡಿಕೊಳ್ಳುತ್ತಿದ್ದರು.

‘ಏನೂ ಇಲ್ಲ,’ ಅನ್ನುತ್ತಿದ್ದ ವಿಲ್ಫ್. ಆಗತಾನೆ ತಲೆಯ ಮೇಲೆ ಗೂಬೆ ಹಾರಿಹೋಗಿದ್ದರೂ ಏನೂ ಇಲ್ಲ. ಆಮೇಲೆ ಗೂಡಿಗೆ ಹೋಗುವುದನ್ನೇ ಬಿಟ್ಟ. ಚಳಿಗಾಲದ ಪ್ರತಿ ಬೆಳಗ್ಗೆ ತೋಪಿನಲ್ಲಿ ಒಬ್ಬನೇ ನಡೆದು, ಮನೆಗೆ ಬಂದು ತೋಟದಲ್ಲಿ ಸೇಬಿನ ಹೋಳು ಇಡುವನು. ಅವನ ಫ್ಲಾಸ್ಕಿಗೆ ಎರಡು ಲೋಟ. ಜೊತೆಗಾರನಿಗೆಂದು ಇರುವ ಒಳಗಿನ ಲೋಟವನ್ನು ಅವನು ಬಿಚ್ಚಿದ್ದನ್ನು ಯಾರೂ ಕಂಡಿಲ್ಲ.

ಈ ಚಳಿಗಾಲಕ್ಕೆ ಅವನ ಕಣ್ಣಿನ ನಡುವೆ ಹೊಗೆ ಕೂತಿತು. ನೇರ ನೋಡಿದರೆ ಒಲೆಯ ಉರಿಯೂ ಕಾಣದಾದಾಗ, ಪಟ್ಟಣದ ವೃದ್ಧಾಶ್ರಮದಲ್ಲಿ ಮೂರನೇ ಮಹಡಿಯ ಕೋಣೆ ನಿಗದಿಯಾಯಿತು. ಸೋಮವಾರ ಹತ್ತಕ್ಕೆ ಕಾರು ಬರುವುದಿತ್ತು.

ಭಾನುವಾರ ಬೆಳಗ್ಗೆ, ಹಿಮ ಬಿದ್ದ ತೋಟದಲ್ಲಿ, ಸೇಬಿನ ಹೋಳಿನ ಮೇಲೆ ಏನೋ ಇಳಿಯಿತು. ವಿಲ್ಫ್ ನೇರ ನೋಡಿದ, ಓರೆಯಾಗಿ ನೋಡಿದ. ಎದೆ ಹೌದೆಂದಿತು, ಕಣ್ಣು ಸಾಕ್ಷಿ ಹೇಳಲಿಲ್ಲ. ಕೋಲಿನಿಂದ ಎರಡು ಮನೆಯ ನಡುವಿನ ಗೋಡೆ ಕುಟ್ಟಿದ. ಮನೆಚಪ್ಪಲಿಯಲ್ಲೇ ಎಡ್ನಾ ಓಡಿಬಂದಳು.

‘ಏನಯ್ಯಾ, ಬಿದ್ದೆಯಾ?’

‘ಇಲ್ಲ. ಸೇಬಿನ ಹತ್ರ ನೋಡು. ಏನ್ ಕಾಣುತ್ತೆ?’

‘ಹಕ್ಕಿ.’

‘ಅಷ್ಟು ಈ ಕುರುಡನಿಗೂ ಕಾಣುತ್ತೆ ಕಣಮ್ಮ.’

‘ಯಾವುದು ಅಂತ ನೀನೇ ಹೇಳಿಬಿಡು. ಹೂಂ ಅಂತೀನಿ.’

‘ಬೇಡ! ನಾನು ಹೇಳಿದ್ರೆ ನೀನು ಅದನ್ನೇ ನೋಡ್ತೀಯ. ಕಂಡಿದ್ದನ್ನ ಹೇಳು.’

ಎಡ್ನಾ ಕನ್ನಡಕ ಒರೆಸಿಕೊಂಡಳು. ‘ಬೆನ್ನು ಬೂದಿ ಬಣ್ಣ. ಹೊಟ್ಟೆ ಬೆಳ್ಳಗಿದೆ. ಮುಖ, ಕತ್ತು, ಎದೆ... ಅಯ್ಯೋ, ಇದ್ದಿಲ ಬಕೆಟ್ಟಿಗೆ ತಲೆ ಹಾಕಿ ತೆಗೆದ ಹಾಗಿದೆ ಮಾರಾಯ!’

ವಿಲ್ಫ್ ಮೇಜಿನ ಬಳಿಗೆ ಹೋದ. ಖಾನೆಯಿಂದ ಕಾಲ್ಡರ್ ಹಿಂದಕ್ಕೆ ಕಳಿಸಿದ್ದ ಹಳದಿಗಟ್ಟಿದ ಹಾಳೆ ತೆಗೆದುಕೊಟ್ಟ. ಎಡ್ನಾ ಓದಿದಳು: ‘ಬೂದು ಬೆನ್ನು. ಬಿಳಿ ಹೊಟ್ಟೆ. ಮುಖದಿಂದ ಎದೆಯವರೆಗೆ ಇದ್ದಿಲಿನಂಥ ಕಪ್ಪು.’

‘ಅವತ್ತು ಮೀನಂಗಡೀಲಿ ನಾನು...’

‘ಗೊತ್ತು. ಟೀ ಕುಡೀತೀಯಾ?’

‘ಟೀ ಆಮೇಲೆ. ಕಾಲ್ಡರ್‌ಗೆ ಫೋನ್ ಮಾಡು.’

‘ಅವರು ಬರೋ ಹೊತ್ತಿಗೆ ಇದು ಹಾರಿಹೋದ್ರೆ? ಒಂದು ಸಲಕ್ಕೇ ಸಾಕಾಗಿದೆ ಎಡ್ನಾ. ನಾಳೆಯಿಂದ ನಾನಿರಲ್ಲ, ಅವರು ನಗೋದು ನಿನ್ನ ನೋಡಿ.’

‘ನಗಲಿ ಬಿಡು. ನಂದೂ ಒಂದು ಸರದಿ.’

ಇಪ್ಪತ್ತೆರಡು ವರ್ಷ ಒತ್ತದ ನಂಬರು ವಿಲ್ಫ್‌ನ ಬೆರಳಿಗೆ ನೆನಪಿತ್ತು. ಒತ್ತಿ, ಫೋನನ್ನು ಎಡ್ನಾಗೆ ಕೊಟ್ಟ. ಅವಳು ಬೂದಿ, ಬಿಳಿ, ಇದ್ದಿಲ ಬಕೆಟ್ಟು ಎಲ್ಲವನ್ನೂ ಒಪ್ಪಿಸಿದಳು. ಹಕ್ಕಿಯ ಹೆಸರು ಆ ಕಡೆಯಿಂದಲೇ ಬಂತು.

‘ಹೆಸರು ಗಿಸರು ನಂಗೊತ್ತಿಲ್ಲಪ್ಪಾ, ಕಂಡಿದ್ದು ಹೇಳ್ದೆ. ಯಾರ ತೋಟಾನಾ? ಪೈಬಸ್‌ದು.’

ಕಾಲ್ಡರ್ ಪೈಬಸ್ ಎಂಬ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಅಂದ: ‘ಇವತ್ತು ಹಿಮಕ್ಕೆ ದಾರಿ ಮುಚ್ಚಿದೆ. ನಾಳೆ ಬೆಳಕು ಹರಿಯುವಾಗ ಬರ್ತೀವಿ.’

ಸೋಮವಾರ ಬೇಲಿಯಾಚೆ ಆರು ಜನ ಕಾಲು ಕುಟ್ಟುತ್ತ ನಿಂತಿದ್ದರು. ಎಂಟಾಯಿತು, ಒಂಬತ್ತಾಯಿತು. ದಿನವೂ ಬರುವ ರಾಬಿನ್ ಹಕ್ಕಿ ಬಂತು, ಬ್ಲ್ಯಾಕ್‌ಬರ್ಡ್‌ಗಳು ಬಂದವು, ಅದು ಬರಲಿಲ್ಲ. ಒಬ್ಬ ಇನ್ನೊಬ್ಬನ ಕಡೆ ನೋಡಿ ಹುಬ್ಬು ಹಾರಿಸಿದ. ಎಡ್ನಾ ಕಿಟಕಿಯಲ್ಲಿ ಏಪ್ರನ್ನಿನ ಅಂಚು ಹಿಂಡುತ್ತಿದ್ದಳು.

ಹತ್ತಕ್ಕೆ ಕಾರು ಬಂತು. ವಿಲ್ಫ್ ಕೊನೆಯ ಸೇಬನ್ನು ಹೋಳು ಮಾಡಿಟ್ಟು, ಚೀಲ, ಫ್ಲಾಸ್ಕು ಹಿಡಿದು ಹೊರಗೆ ಬಂದು ಬಾಗಿಲು ಎಳೆದುಕೊಂಡ. ಎದುರಿಗೆ ಸಿಕ್ಕ ಕಾಲ್ಡರ್‌ಗೆ ಏನು ಹೇಳುವುದೋ ತಿಳಿಯದೆ ಹಳೆಯ ಮಾತೇ ಬಾಯಿಗೆ ಬಂತು.

‘ಏನಾದ್ರೂ ಇದೆಯಾ, ವಿಲ್ಫ್?’

ವಿಲ್ಫ್ ತಲೆ ಓರೆ ಮಾಡಿ ನಿಂತ. ಕಣ್ಣು ಹೋಗಿದ್ದರೂ ಕಿವಿ ಚುರುಕಾಗಿತ್ತು. ಹಿಂದಿನ ಪೊದೆಯಿಂದ, ರಾಬಿನ್‌ದಲ್ಲದ, ಬ್ಲ್ಯಾಕ್‌ಬರ್ಡಿನದೂ ಅಲ್ಲದ ಒಂದು ಚಕ್ ಚಕ್.

‘ಇದೆ,’ ಎಂದು ಕೋಲು ಎತ್ತಿ ತೋರಿಸಿದ.

ಆರು ದುರ್ಬೀನುಗಳು ಅತ್ತ ತಿರುಗಿದವು. ಪೊದೆಯ ಕೊಂಬೆಗಳ ನಡುವೆ ಇದ್ದಿಲಿನಂಥ ಕಪ್ಪು ಎದೆಯೊಂದು ಕಂಡಿತು. ಕಾಲ್ಡರ್ ಕೂಡ ದುರ್ಬೀನು ಇಳಿಸಲಿಲ್ಲ.

ಡ್ರೈವರು ಬಾಗಿಲು ತೆರೆಯುತ್ತ ಕೇಳಿದ, ‘ನಿಮ್ಮನ್ನ ಕಳಿಸಿಕೊಡೋಕೆ ಇಷ್ಟು ಜನಾನಾ?’

‘ಇಲ್ಲಪ್ಪ. ಹಕ್ಕಿ ನೋಡೋಕೆ.’

ಕಾರು ಹೊರಟಾಗ ವಿಲ್ಫ್ ಹಿಂತಿರುಗಿ ನೋಡಿದ. ಎಡ್ನಾ ಕೈ ಬೀಸುತ್ತಿದ್ದದ್ದು ಅವನಿಗೆ ಕಂಡಿತೋ ಇಲ್ಲವೋ. ಬೇಲಿಯುದ್ದಕ್ಕೂ ಕಪ್ಪಗೆ ಕಂಡದ್ದು ಆರು ಬೆನ್ನುಗಳು. ಒಂದೂ ಇತ್ತ ತಿರುಗಲಿಲ್ಲ.