ಗುಣವಾದವರ ಊರಿನಲ್ಲಿ ಡಾಕ್ಟರ್ ಯುಸ್ನಿದಾರ್

ಪಶ್ಚಿಮ ಸುಮಾತ್ರದ ಮನೋವೈದ್ಯರ ಸಾಲಿನಲ್ಲಿ ಡಾಕ್ಟರ್ ಯುಸ್ನಿದಾರ್ ಅವರದು ಸಂಶೋಧನೆಗಳಿಂದಾಗಲಿ ಹುದ್ದೆಗಳಿಂದಾಗಲಿ ಬೆಳಗಿದ ಹೆಸರಲ್ಲ. ಪಾಯಾಕುಂಬು ಪಟ್ಟಣದಲ್ಲೇ ಸೇವೆ ಆರಂಭಿಸಿ, ಅಲ್ಲಿಯೇ ಈ ವರ್ಷ ನಿವೃತ್ತರಾಗುತ್ತಿರುವ ಅವರು, ತಮ್ಮ ಶಾಸ್ತ್ರದ ಮೇಲೆ ಜನ ಹೊರಿಸುವ ದೂರುಗಳನ್ನು ಅಲ್ಲಗಳೆಯದೆ ಕುಳಿತು ಕೇಳಿದವರು. "ಹುಚ್ಚರ ಡಾಕ್ಟರು ಮಾತು ಕೇಳಲ್ಲ, ಮಂಪರು ಬರಿಸ್ತಾರೆ ಅಷ್ಟೆ" ಎಂಬ ಮಾತು ಆ ಊರಿನ ಚಹದಂಗಡಿಗಳಲ್ಲಿ ಇವತ್ತಿಗೂ ಇದೆ. ಅದರಲ್ಲಿ ಸತ್ಯವೂ ಇದೆಯೆಂದು ಅವರು ವೈದ್ಯರ ಸಭೆಗಳಲ್ಲೇ ಹೇಳುತ್ತಿದ್ದರು. ಹೇಳಿದ ದಿನ ಊಟದ ಹೊತ್ತಿನಲ್ಲಿ ಅವರ ಪಕ್ಕದ ಕುರ್ಚಿ ಹೆಚ್ಚಾಗಿ ಖಾಲಿಯಿರುತ್ತಿತ್ತು.

ಪಡಾಂಗಿನಲ್ಲಿ ಓದು ಮುಗಿಸಿ ಬಂದ ಹೊಸತರಲ್ಲಿ ಅವರ ಬಳಿಗೆ ಬಂದವಳು ಒಬ್ಬ ನೇಕಾರ ಹೆಣ್ಣುಮಗಳು. ಅವಳನ್ನು ಇಲ್ಲಿ ದಾರ್ನೆಲಿಸ್ ಎಂದು ಕರೆಯೋಣ. ನಿಜವಾದ ಹೆಸರನ್ನಾಗಲಿ ಹಳ್ಳಿಯನ್ನಾಗಲಿ ಹೇಳುವಂತಿಲ್ಲ. ಯಾರಿಗೂ ಕೇಳಿಸದ ದನಿಗಳಿಗೆ ಉತ್ತರ ಕೊಡುತ್ತ ಗದ್ದೆಯ ಬದುಗಳ ಮೇಲೆ ಅಲೆಯುತ್ತಿದ್ದವಳನ್ನು ಸೋದರಮಾವ ಕರೆತಂದಿದ್ದ. ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನಿನಿಂದ ದನಿಗಳು ನಿಂತವು. ಮಾವ ಹಿಗ್ಗಿನಿಂದ ಮನೆಯಲ್ಲಿ ಮಾಡಿಸಿದ ರೆಂಡಾಂಗ್ ಮಾಂಸದಡುಗೆ ತಂದುಕೊಟ್ಟ. ದಾರ್ನೆಲಿಸ್ ಮಾತ್ರ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. ಬೆರಳುಗಳು ಸೆಟೆದು ನಡುಗುತ್ತಿದ್ದವು.

"ನೋಡಿ ಡಾಕ್ಟರಮ್ಮ, ಜರಿ ಎಳೆ ಹಿಡಿಯೋಕಾಗಲ್ಲ. ದನಿ ಹೋಯ್ತು, ಜೊತೆಗೆ ನನ್ನ ಕೈಯೂ ಹೋಯ್ತು. ಮಾವ ನೆಮ್ಮದಿಯಾಗಿ ನಿದ್ದೆ ಮಾಡ್ತಾನೆ. ನೀವು ವಾಸಿ ಮಾಡಿದ್ದು ನನ್ನನ್ನೋ, ಅವನನ್ನೋ?"

"ಸುಮ್ನಿರೇ! ಡಾಕ್ಟರ ಎದುರೂ ನಾಲಿಗೆ ಉದ್ದ ಮಾಡ್ತಾಳೆ," ಎಂದು ಮಾವ ಗದರಿದ.

"ಮಾಡಲಿ ಬಿಡಿ," ಎಂದರು ಯುಸ್ನಿದಾರ್. "ಕೈ ಅವಳದು."

ಹಿರಿಯ ವೈದ್ಯರು ಬೇಡವೆಂದರೂ ಅವರು ಔಷಧಿಯನ್ನು ಹಂತಹಂತವಾಗಿ ಇಳಿಸಿದರು. ಮಳೆಗಾಲ ಮುಗಿಯುವ ಮುನ್ನ ದನಿಗಳು ಮರಳಿದವು. ದಾರ್ನೆಲಿಸ್ ಮಗ್ಗದ ಹಾಸುನೂಲನ್ನೇ ಕತ್ತರಿಸಿಹಾಕಿ ಮನೆ ಬಿಟ್ಟು ಓಡಿದಳು. ಹುಡುಕಿ ತಂದ ಮಾವ ಆಸ್ಪತ್ರೆಯ ಅಂಗಳದಲ್ಲಿ ನಿಂತು ಕೂಗಾಡಿದ, ಸಹೋದ್ಯೋಗಿಗಳು ಮುಖ ತಿರುಗಿಸಿದರು. ಯುಸ್ನಿದಾರ್ ಸಮರ್ಥಿಸಿಕೊಳ್ಳಲಿಲ್ಲ. ಅವಳನ್ನು ಕೂಡಿಹಾಕಲೂ ಬಿಡದೆ, ದಿನವೂ ಅವಳ ಹಾಸಿಗೆಯ ಬಳಿ ಕುಳಿತು, ಎಷ್ಟು ಔಷಧಿಗೆ ದನಿ ದೂರವಾಗುತ್ತದೆ, ಎಷ್ಟಕ್ಕೆ ಬೆರಳು ಸೆಟೆಯುತ್ತದೆ ಎಂಬುದನ್ನು ಅವಳ ಬಾಯಿಂದಲೇ ಕೇಳಿ ತಿಳಿದರು.

"ಪಿಸುಮಾತಿನಷ್ಟು ಇರಲಿ ಡಾಕ್ಟರಮ್ಮ," ಎಂದಳು ದಾರ್ನೆಲಿಸ್ ಒಂದು ಬೆಳಿಗ್ಗೆ. "ಅಷ್ಟಿದ್ರೂ ನೇಯ್ತೀನಿ."

ಆ ಪಿಸುಮಾತನ್ನು ಉಳಿಸಿಕೊಂಡೇ ಅವಳು ಮಗ್ಗಕ್ಕೆ ಮರಳಿದಳು. ಮುಂದೆ ಮದುವೆಯೂ ಆಯಿತು. ಒಮ್ಮೆ ಭಾನುವಾರದ ಸಂತೆಯಲ್ಲಿ, ಮೆಣಸಿನಕಾಯಿ ರಾಶಿಯ ಎದುರು, ಡಾಕ್ಟರನ್ನು ಕಂಡು ಅವಳ ಮುಖ ಬಿಳಿಚಿತು. ಕಾಯಿಲೆಯ ಸುದ್ದಿಯೇ ತಿಳಿಯದ ಅತ್ತೆ ಪಕ್ಕದಲ್ಲಿದ್ದಳು. ಯುಸ್ನಿದಾರ್ ತಲೆ ತಗ್ಗಿಸಿ ಮೆಣಸಿನಕಾಯಿ ಆರಿಸತೊಡಗಿದರು. ಅಂದಿನಿಂದ ಯಾವ ರೋಗಿಯನ್ನೂ ಬೀದಿಯಲ್ಲಿ ತಾವಾಗಿ ಮಾತನಾಡಿಸದಿರುವುದನ್ನು ವ್ರತದಂತೆ ಪಾಲಿಸಿದರು. ಗುಣವಾದವರು ಹೆಚ್ಚಿದಷ್ಟೂ ಊರಿನಲ್ಲಿ ಅವರು ಕಣ್ಣು ತಪ್ಪಿಸಬೇಕಾದವರು ಹೆಚ್ಚಿದರು. ಅವರು ಬಂದರೆ ಜನ ಏನಂದುಕೊಂಡಾರೋ ಎಂದು ಮದುವೆಗಳಿಗೂ ಕರೆಯುವವರು ಕಡಿಮೆಯಾದರು. ಒಂಟಿ ಮನೆಯಲ್ಲಿ ಹಬ್ಬದ ದಿನ ಮಾಡಿದ ಅಡುಗೆ ಮರುದಿನಕ್ಕೂ ಉಳಿಯುತ್ತಿತ್ತು.

ಅವರ ನಿವೃತ್ತಿಯ ನೆನಪಿಗೆ ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆದುಕೊಡಲು ಹಿಂದಿನ ರೋಗಿಗಳನ್ನು ಕೇಳಿದಾಗ ಒಬ್ಬರೂ ಒಪ್ಪಲಿಲ್ಲ. ಯುಸ್ನಿದಾರ್ ಅವರನ್ನು ಅಕ್ಕನೆಂದೇ ಭಾವಿಸಿ 'ಉನಿ' ಎಂದು ಕರೆಯುವ ನರ್ಸ್ ಗುಸ್ಮಾರ್ನಿ ಇದನ್ನು ಅವರಿಗೆ ತಿಳಿಸಿದಳು.

"ಅವರನ್ನ ಯಾಕೆ ಕೇಳೋಕೆ ಹೋದ್ರಿ? ಪಾಪ, ಎಷ್ಟು ಹೆದರಿರ್ತಾರೋ," ಎಂದು ಯುಸ್ನಿದಾರ್ ರೇಗಿದರು.

"ಬೇಸರ ಆಯ್ತಾ ಉನಿ?"

"ಆಗತ್ತೆ ಕಣೆ. ಇಲ್ಲ ಅಂದ್ರೆ ಸುಳ್ಳಾಗತ್ತೆ." ಮತ್ತೆ ಅವರೇ ಮುಂದುವರಿಸಿದರು: "ನಿವೃತ್ತಿ ಆದ್ಮೇಲೆ ಬೆಂಗ್ಕುಲುಗೆ ಹೋಗಿಬಿಡ್ತೀನಿ. ಅಲ್ಲಿ ನಾನು ಯಾರು ಅಂತ ಯಾರಿಗೂ ಗೊತ್ತಿಲ್ಲ. ಕಂಡಕಂಡವರನ್ನೆಲ್ಲ ನಾನೇ ಮೊದಲು ಮಾತಾಡಿಸಬಹುದು."

ಕಿರಿಯ ವೈದ್ಯರಿಗೆ ಅಲ್ಲಿಂದಲೂ ಪಾಠ ಹೇಳುವುದಾಗಿ ಅವರು ಒಪ್ಪಿದ್ದಾರೆ. ಆ ಕೆಲಸ ಬಹುಕಾಲ ನಡೆಯಲಿ, ದೇವರು ಅವರಿಗೆ ಆಯಸ್ಸು ಆರೋಗ್ಯ ಕೊಡಲಿ. ಆ ಕಡಲೂರಿನ ಮೀನುಪೇಟೆಯಲ್ಲಿ ಅವರು ಮಾತನಾಡಿಸಿದವರು ನಿಂತು, ನಕ್ಕು, ಯಾವ ಊರಿನವರಮ್ಮ ನೀವು ಎಂದು ಕೇಳಲಿ.